ಭಾವ ಹಳೆಯ ಬ್ಯಾಕಪ್ ಅಳಿಸಿದ್ದು

ನಮ್ಮ ಭಾವನಂಥ ಪುಕ್ಕಲರನ್ನು ನಾನು ಕಂಡಿಲ್ಲ. ಗ್ರಂಥಾಲಯವೊಂದರ ಕಂಪ್ಯೂಟರ್ ಕೋಣೆ ಅವರ ವಶದಲ್ಲಿತ್ತು. ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂಬುದೆಲ್ಲ ಅಲ್ಲಿನ ಡೇಟಾಬೇಸಿನಲ್ಲಿ. ದಿನಾ ಸಂಜೆ ಅದರದೊಂದು ಪೂರ್ತಿ ನಕಲು, ಅಂದರೆ ಬ್ಯಾಕಪ್, ತೆಗೆಯುವುದು, ಡಿಸ್ಕು ತುಂಬುವ ಮುಂಚೆ ಹಳೆಯವನ್ನು ಅಳಿಸುವುದು ಅವರ ಕೆಲಸ. ಅಳಿಸುವುದೆಂದರೆ ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತುವುದು. ಅಲ್ಲಿ ಕಸದ ಬುಟ್ಟಿಯಿಲ್ಲ, ಹೋದದ್ದು ಹೋಯಿತು.

ಆ ಹೆದರಿಕೆಗೆ ಅಕ್ಕನೇ ಮದ್ದು. ಅವಳೂ ಅದೇ ಕೋಣೆಯಲ್ಲಿ ಹೊಸ ಪುಸ್ತಕಗಳ ವಿವರ ತುಂಬಿಸುತ್ತಿದ್ದಳು. ಶುಕ್ರವಾರ ಮಧ್ಯಾಹ್ನ ಭಾವ ಟೈಪ್ ಮಾಡಿದರೆ, ಅವಳು ಪಕ್ಕದ ಕುರ್ಚಿಯಲ್ಲಿ ಕೂತು ಫೈಲಿನ ಹೆಸರನ್ನು ಗಟ್ಟಿಯಾಗಿ ಓದುವಳು. "ಕಣ್ಣು ಎಲ್ಲಿಟ್ಟಿದ್ದೀರಿ? ಅದು ಈ ವಾರದ್ದು!" ಎಂದು ಗದರುವಳು. ಸರಿಯಿದ್ದರೆ, "ಹ್ಞೂಂ, ಒತ್ತಿ." ಆ ಹ್ಞೂಂ ಬೀಳದೆ ಭಾವನ ಬೆರಳು ಇಳಿಯುತ್ತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ; ಇವರದು ಎಂಟರ್ ಒತ್ತುವ ತನಕ. ನನ್ನ ಹೊಲಿಗೆ ಅಂಗಡಿ ಎದುರಿಗೇ. ಕಿಟಕಿಯಿಂದ ಅವಳ ದನಿ ಕೇಳಿ ಒಬ್ಬನೇ ನಗುತ್ತಿದ್ದೆ. ಎಂಥ ಒಳ್ಳೆಯ ಮಧ್ಯಾಹ್ನಗಳು ಅವು!

ಅಕ್ಕ ತೀರಿಕೊಂಡ ಮೇಲೆ ಭಾವ ಒಂದು ಫೈಲನ್ನೂ ಅಳಿಸಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಕೊನೆಗೊಮ್ಮೆ ಡಿಸ್ಕು ತುಂಬಿ ಹೊಸ ಬ್ಯಾಕಪ್ ನಿಂತುಹೋಯಿತು. ಗ್ರಂಥಪಾಲಕರು, "ಸಂಜೆಯೊಳಗೆ ಜಾಗ ಮಾಡಿ, ಇಲ್ಲಾಂದ್ರೆ ಕೋಣೆ ಬೇರೆಯವರಿಗೆ ಒಪ್ಪಿಸ್ತೀನಿ" ಅಂದರಂತೆ. ಭಾವ ರಸ್ತೆ ದಾಟಿ ನನ್ನಲ್ಲಿಗೆ ಬಂದರು.

"ಒಂದು ಗಳಿಗೆ ಬಾರಪ್ಪ. ಸುಮ್ನೆ ಓದು, ಸಾಕು."

"ನಂಗೇನು ಗೊತ್ತು ಭಾವ? ಗುಂಡಿ ಹೊಲಿಯೋನು ನಾನು."

"ಅವಳಿಗೂ ಮೊದಲು ಗೊತ್ತಿರ್ಲಿಲ್ಲ."

ಹೋಗಿ ಅಕ್ಕನ ಕುರ್ಚಿಯಲ್ಲಿ ಕೂತೆ. ಫೈಲಿನ ಹೆಸರೆಂದರೆ ಬರೀ ತಾರೀಖು. ಓದಿದೆ. ಭಾವ ಬೆರಳು ಎತ್ತಿಕೊಂಡೇ ಇದ್ದರು. ನನಗೆ ರೇಗಿತು.

"ಏನು ಮುಖ ನೋಡ್ತಾ ಕೂತ್ರಿ? ಹ್ಞೂಂ, ಒತ್ತಿ!"

ಥೇಟ್ ಅಕ್ಕನ ದನಿ. ಅವಳಿಂದ ಬೈಸಿಕೊಂಡೇ ಬೆಳೆದವನಲ್ಲವೇ ನಾನು? ಭಾವ ನಕ್ಕುಬಿಟ್ಟರು, ಒತ್ತಿದರು. ಆಮೇಲೆ ಕೆಲಸ ಸಲೀಸಾಗಿ ಸಾಗಿತು.

ಒಂದು ತಾರೀಖಿಗೆ ಬಂದಾಗ ಓದುವುದನ್ನು ನಿಲ್ಲಿಸಿದೆ. ಅಕ್ಕ ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದ ಕೊನೆಯ ದಿನ ಅದು. ಮರುದಿನ ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ.

"ಇದೊಂದು ಇರ್ಲಿ ಭಾವ."

"ಇದ್ರಲ್ಲಿರೋದೆಲ್ಲ ಹೊಸದ್ರಲ್ಲೂ ಇದೆ ಕಣಪ್ಪ. ಅವಳು ತುಂಬಿಸಿದ ಒಂದು ಪುಸ್ತಕಾನೂ ಹೋಗಲ್ಲ" ಅಂದರು. ಸಮಾಧಾನ ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ. ನನ್ನ ಬಾಯಿಂದ ಹ್ಞೂಂ ಹೊರಡಲಿಲ್ಲ. ಭಾವ ತಾವೇ ಆ ತಾರೀಖನ್ನು ಗಟ್ಟಿಯಾಗಿ ಓದಿ, ತಾವೇ "ಹ್ಞೂಂ" ಅಂದು ಒತ್ತಿದರು.

ಅಳಿಸಿದ ಮೇಲೆ ಆ ಯಂತ್ರ ಏನೂ ಹೇಳುವುದಿಲ್ಲ. ಕಪ್ಪು ಪರದೆಯಲ್ಲಿ ಇನ್ನೊಂದು ಖಾಲಿ ಸಾಲು ಬರುತ್ತದೆ, ಅಷ್ಟೇ. ಭಾವ ಅದನ್ನು ನೋಡಿ, ಅಭ್ಯಾಸಬಲದಿಂದ ನನ್ನ ಕುರ್ಚಿಯ ಕಡೆ ತಿರುಗಿದರು.

"ಜಾಗ ಆಯ್ತು ಕಣೇ" ಅಂದರು.

ನಾನು ತಿದ್ದಲು ಹೋಗಲಿಲ್ಲ.