ಅಮಾವಾಸ್ಯೆಯ ಯೋಚನೆ, ಒಂದನೇ ತಾರೀಖಿನ ವ್ಯಾಪಾರ

ತಿಂಗಳಿಗೊಂದು ದಿನ ಕೈಕಟ್ಟಿ ಕೂತು ಮುಂದಿನದನ್ನು ಯೋಚಿಸುವ ಅಭ್ಯಾಸಕ್ಕೆ ನಾನು ತೆತ್ತ ಬೆಲೆ ಸಣ್ಣದಲ್ಲ. ಬೆಂಗಳೂರಿನ ದಂಡು ಪ್ರದೇಶದ ದೊಡ್ಡ ಬೀದಿಯ ಸಾಹುಕಾರರೊಬ್ಬರ ಕ್ರಿಸ್‌ಮಸ್ ಆರ್ಡರು, ಅಂದರೆ ನನ್ನ ವರ್ಷದ ಅರ್ಧ ದುಡಿಮೆ, ಒಂದೇ ಬೆಳಗ್ಗೆ ಕೈಬಿಟ್ಟುಹೋಯಿತು. ಹೋಯಿತು ಅನ್ನುವುದೂ ತಪ್ಪು, ನಾನೇ ಬಿಟ್ಟೆ. ಯಾಕೆಂದರೆ ನಾನು ಕೆತ್ತಿದ ಚೌಕಟ್ಟಿನ ಬೆನ್ನಿಗೆ ಬೇರೆಯವರ ಚೀಟಿ ಅಂಟುವುದನ್ನು ಇನ್ನೊಂದು ವರ್ಷ ನೋಡಲು ನಾನು ತಯಾರಿರಲಿಲ್ಲ. ಇವತ್ತು ಅದೇ ಬೆಲೆ ಕೇಳಿದರೂ ಚೌಕಾಸಿ ಮಾಡದೆ ಕೊಟ್ಟೇನು. ಚೌಕಾಸಿ ಮಾಡದೆ ನಾನು ಕೊಟ್ಟದ್ದು ಅದೊಂದೇ ಎಂದು ನನ್ನನ್ನು ಬಲ್ಲವರು ಹೇಳುತ್ತಾರೆ. ಹೇಳಲಿ.

ಅದು ಎರಡನೇ ಮಹಾಯುದ್ಧದ ಕಾಲ. ನಮ್ಮದು ಹಲಸೂರಿನ ಬಡಗಿ ಮನೆತನ. ಅಪ್ಪ ಬಾಗಿಲು, ಕಿಟಕಿ, ತೊಟ್ಟಿಲು ಮಾಡಿ ಬದುಕಿದವರು. ನನ್ನ ಕೈ ಮಾತ್ರ ಸಣ್ಣ ಕೆತ್ತನೆಗೆ ಒಲಿದಿತ್ತು. ಇವತ್ತು ಶಿವಾಜಿನಗರ ಅನ್ನುವ, ಆಗ ನಾವೆಲ್ಲ ಬ್ಲ್ಯಾಕ್‌ಪಲ್ಲಿ ಅನ್ನುತ್ತಿದ್ದ ಕಡೆ, ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಹಲಗೆ ಬಾಗಿಲಿನ ಒಂದು ಗೂಡು ಹಿಡಿದು ಫೋಟೋ ಚೌಕಟ್ಟು ಮಾಡಲು ಕೂತೆ. ಊರ ತುಂಬ ಸೋಲ್ಜರುಗಳು. ನಾಳೆ ಎಲ್ಲಿಗೆ ಕಳಿಸುತ್ತಾರೋ ಗೊತ್ತಿಲ್ಲದ ಆ ಹುಡುಗರು ಇವತ್ತೇ ಸ್ಟುಡಿಯೋಗೆ ಹೋಗಿ ಟೋಪಿ ಓರೆ ಮಾಡಿ ಫೋಟೋ ತೆಗೆಸಿಕೊಂಡು ತಾಯಿಗೆ ಕಳಿಸುತ್ತಿದ್ದರು. ಬರೀ ಫೋಟೋ ಕಳಿಸುತ್ತಾರೆಯೇ? ಬೀಟೆ ಮರದಲ್ಲಿ ಬಳ್ಳಿ, ಗಿಳಿ, ಆನೆ ಕೆತ್ತಿದ ಚೌಕಟ್ಟು ಬೇಕು. ಅದನ್ನು ಸಾಹುಕಾರರ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಬೆನ್ನಿನ ಮೇಲೆ ಸಾಹುಕಾರರ ಅಂಗಡಿಯ ಬಣ್ಣದ ಚೀಟಿ. ಕೆತ್ತಿದವನು ನಾನೆಂದು ಗೊತ್ತಿದ್ದದ್ದು ನನಗೆ ಮತ್ತು ಸಾಹುಕಾರರಿಗೆ. ಯಾರಿಗೂ ಗೊತ್ತಾಗಬಾರದು ಎಂದು ಕಾವಲು ಕಾಯುತ್ತಿದ್ದವರೂ ಅವರೇ.

ಬಡಗಿಗಳು ಅಮಾವಾಸ್ಯೆ ದಿನ ಉಳಿ ಹಿಡಿಯುವುದಿಲ್ಲ. ಉಪಕರಣಗಳನ್ನು ಒರೆಸಿ, ಎಣ್ಣೆ ಹಚ್ಚಿ, ಹೂವಿಟ್ಟು, ಆಮೇಲೆ ಹೊಟ್ಟೆ ತುಂಬ ಉಂಡು ಮಲಗುವುದು ರೂಢಿ. ನಾನೂ ಮಲಗುತ್ತಿದ್ದೆ. ಒಂದು ಅಮಾವಾಸ್ಯೆ ಮಧ್ಯಾಹ್ನ ನನ್ನ ಹೆಂಡತಿ ಚಾಪೆಯ ಪಕ್ಕ ನಿಂತು ಕೇಳಿದಳು.

"ಉಳಿಗೆ ರಜಾ ಸರಿ. ತಲೆಗೂ ರಜಾನಾ?"

"ಏನೀಗ?"

"ಮುಂದಿನ್ ವರ್ಷಾನೂ ಅವ್ರಿಗೇ ಕೆತ್ತಿ ಕೊಡ್ತೀರೋ, ಇಲ್ಲಾ ನಮ್ದೂ ಅಂತ ಏನಾದ್ರೂ ಆಗುತ್ತೋ? ಹೇಳ್ಬಿಟ್ಟು ಮಲ್ಕೊಳ್ಳಿ."

ನಿದ್ದೆ ಹಾರಿಹೋಯಿತು. ಗೂಡಿಗೆ ಹೋದೆ, ಬಾಗಿಲ ಹಲಗೆಯೊಂದನ್ನು ಬಿಚ್ಚಿ, ಅದರ ಒಳಮೈ ಮೇಲೆ ಬಳಪದಲ್ಲಿ ಬರೆಯಲು ಕೂತೆ. ಆವತ್ತು ಬರೆದದ್ದು ಹಲಗೆ ತುಂಬ: ಸ್ವಂತ ಅಂಗಡಿ, ಸ್ವಂತ ಚೀಟಿ, ಗಾಜಿನ ಬೀರು, ಇಬ್ಬರು ಕೆಲಸಗಾರರು, ಇನ್ನೂ ಏನೇನೋ. ಮುಂದಿನ ಅಮಾವಾಸ್ಯೆಗೆ ನೋಡಿದರೆ ಒಂದೂ ಆಗಿಲ್ಲ. ಎಲ್ಲ ಒರೆಸಿ ಒಂದೇ ಒಂದನ್ನು ಬರೆದೆ: ಸಾಹುಕಾರರನ್ನು ಬಿಟ್ಟು ಇನ್ನೊಬ್ಬ ಗಿರಾಕಿ. ಅದು ಆಯಿತು. ಕುಕ್ ಟೌನಿನ ಬಂಗಲೆಯೊಂದರ ಅಜ್ಜಿ, ಪಡೆಗೆ ಸೇರಿದ ಮೊಮ್ಮಗನ ಫೋಟೋಗೆ ಚೌಕಟ್ಟು ತೆಗೆದುಕೊಂಡರು. ಪಕ್ಕದ ಬಂಗಲೆಯವರು ಅದನ್ನು ನೋಡಿ ತಮಗೂ ಬೇಕೆಂದರು.

ಹೀಗೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದೊಂದು ಗುರಿ. ಆದರೆ ಎಲ್ಲೋ ಕೀಲು ತಪ್ಪಿತ್ತು. ಆ ವರ್ಷ ಅಮಾವಾಸ್ಯೆ ಇಂಗ್ಲಿಷ್ ತಿಂಗಳ ಕೊನೆಯ ವಾರಕ್ಕೆ ಬೀಳುತ್ತಿತ್ತು. ನಾನು ಸರಕನ್ನೂ ಅದಕ್ಕೇ ಸರಿಯಾಗಿ ಮುಗಿಸಿ, ಹಿಂದಿನ ದಿನ ಬಟ್ಟೆಯಲ್ಲಿ ಸುತ್ತಿಕೊಂಡು ಬಂಗಲೆ ಬಂಗಲೆ ಹತ್ತಿ ಇಳಿಯುತ್ತಿದ್ದೆ. ಎಲ್ಲರೂ ಮೆಚ್ಚುವವರೇ. "ಬಹಳ ಚೆನ್ನಾಗಿದೆ, ಆಮೇಲೆ ಬಾ." ಆಮೇಲೆ ಅಂದರೆ ಯಾವಾಗ? ಮನೆಗೆ ಅಕ್ಕಿ ಬೇಕು, ಮರದ ಮಂಡಿಯವನಿಗೆ ಕಂತು ಕಟ್ಟಬೇಕು. ಉಳಿದ ಚೌಕಟ್ಟುಗಳನ್ನೆಲ್ಲ ಹೊತ್ತು ಮತ್ತೆ ಸಾಹುಕಾರರ ಕಟ್ಟೆಗೇ ಹೋಗುತ್ತಿದ್ದೆ. ಅವರಿಗೂ ಇದು ಗೊತ್ತಾಗಿತ್ತು. ನನ್ನ ಮುಖ ಕಂಡ ಕೂಡಲೇ ದರ ಇಳಿಸುತ್ತಿದ್ದರು.

ನನ್ನ ಪಕ್ಕದ ಗೂಡಿನ ದರ್ಜಿ ಸಾಬರು, ಅಧಿಕಾರಿಗಳ ಕೋಟು ಹೊಲಿಯುವವರು, ಇದನ್ನೆಲ್ಲ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ನೋಡುತ್ತಿದ್ದರು. ಒಂದು ದಿನ ಸೂಜಿ ತೆಗೆದರು.

"ಅರೆ ಭಾಯ್, ನೀವು ಚಂದ್ರನ್ ನೋಡಿ ಮಾಲು ಮಾರ್ತೀರಾ?"

"ಯಾಕೆ ಸಾಬ್, ನಿಮ್ದೂ ಚಂದ್ರನ್ ಲೆಕ್ಕಾನೇ ಅಲ್ವಾ?"

"ಹಬ್ಬ ಚಾಂದ್ ನೋಡೇ ಮಾಡೋದು. ಬಿಲ್ಲು ಮಾತ್ರ ಒಂದ್ನೇ ತಾರೀಖು ಕಳ್ಸೋದು! ಈ ದಂಡಲ್ಲಿ ಪಗಾರ್ ಆಗೋದು ಯಾವತ್ತು? ಪೆನ್ಶನ್ ಬರೋದು ಯಾವತ್ತು? ಜೇಬು ಖಾಲಿ ಇದ್ದಾಗ ಆನೆ ತೋರ್ಸಿದ್ರೂ ಅಷ್ಟೇ, ಗಿಳಿ ತೋರ್ಸಿದ್ರೂ ಅಷ್ಟೇ."

ನಾನು ನಕ್ಕೆ, ಆಮೇಲೆ ನಗು ನಿಂತಿತು. ನನ್ನ ಕುಲದ ಪಂಚಾಂಗ ಹಿಡಿದುಕೊಂಡು ಗಿರಾಕಿಯ ಜೇಬಿನ ಪಂಚಾಂಗವನ್ನೇ ಮರೆತಿದ್ದೆ. ಆವತ್ತಿನಿಂದ ಎರಡನ್ನೂ ಬೇರೆ ಮಾಡಿದೆ. ಯೋಚನೆ ಅಮಾವಾಸ್ಯೆಗೆ. ಸರಕು ತಲುಪುವುದು ಒಂದನೇ ತಾರೀಖಿಗೆ. ಮರದ ಮಂಡಿಯವನ ಹತ್ತಿರ ಕೂತು ನನ್ನ ಕಂತನ್ನೂ ತಿಂಗಳ ಮೊದಲ ವಾರಕ್ಕೆ ತಳ್ಳಿಸಿಕೊಂಡೆ. ಅವನು ಬಗ್ಗಲಿಲ್ಲ, ನಾನು ಏಳಲಿಲ್ಲ, ಕೊನೆಗೆ ಅವನ ಊಟದ ಹೊತ್ತಾಯಿತು.

ಹೀಗಿರುವಾಗ ದೀಪಾವಳಿ ಕಳೆದ ಮೇಲಿನ ಅಮಾವಾಸ್ಯೆ ಬಂತು. ಹಲಗೆಯ ಮೇಲೆ ಬರೆದಿದ್ದೆ: ಈ ಕ್ರಿಸ್‌ಮಸ್ಸಿಗೆ ನಮ್ಮ ಚೀಟಿ. ಪ್ರೆಸ್ಸಿನಲ್ಲಿ ನನ್ನ ಹೆಸರು, ಓಣಿಯ ವಿಳಾಸ ಇರುವ ಚೀಟಿ ಅಚ್ಚು ಹಾಕಿಸಿಯೂ ಆಗಿತ್ತು. ಸಾಹುಕಾರರು ಜಟಕಾ ಇಳಿದು ನೇರ ಒಳಗೆ ಬಂದರು.

"ಏನ್ರೀ, ಕೈ ಕಟ್ಕೊಂಡ್ ಕೂತಿದೀರ? ಕ್ರಿಸ್‌ಮಸ್ ತಲೆ ಮೇಲ್ ಬಂತು!"

"ಅಮಾಸೆ ಸ್ವಾಮಿ. ಉಳಿ ಮುಟ್ಟಲ್ಲ."

"ಬಳಪ ಮುಟ್ತೀರಾ?" ಹಲಗೆಯನ್ನು ಓದಿದರು. "ನಮ್ಮ ಚೀಟಿ ಅಂದ್ರೆ ಯಾರ್ದು?"

"ನಂದು."

ಅವರು ಸ್ಟೂಲು ಎಳೆದು ಕೂತರು. ದನಿ ಸಣ್ಣದಾಯಿತು. "ನೋಡಿ, ಕುಕ್ ಟೌನಲ್ಲಿ ಮನೆಮನೆ ಸುತ್ತಿ ಮಾರ್ತಿದೀರಂತೆ. ನಿಲ್ಸಿಬಿಡಿ. ನೀವ್ ಮಾಡಿದ್ದೆಲ್ಲಾ ನಾನೇ ತಗೋತೀನಿ. ವರ್ಷಪೂರ್ತಿ ಕೆಲ್ಸ, ತಲೆನೋವಿಲ್ಲ."

"ತಗೊಳ್ಳಿ. ರೇಟು ಹಳೇದೇ ಇರ್ಲಿ. ಬೆನ್ ಮೇಲೆ ನನ್ ಚೀಟಿ."

"ಚೀಟಿ ನೋಡಿ ಗಿರಾಕಿ ನೇರ ನಿಮ್ ಹತ್ರಾನೇ ಬಂದ್ಬಿಟ್ರೆ?"

"ಅದಕ್ಕೇ ಅಲ್ವಾ ಸ್ವಾಮಿ ಅಂಟ್ಸೋದು?"

ಪಕ್ಕದ ಗೂಡಿನಲ್ಲಿ ಹೊಲಿಗೆ ಮಿಷನ್ನು ನಿಂತಿತು. ಸಾಬರು ಕೇಳಿಸಿಕೊಳ್ಳುತ್ತಿದ್ದರು.

"ಹಾಗಾದ್ರೆ ಆರ್ಡರ್ ಇಲ್ಲ," ಅಂದರು ಸಾಹುಕಾರರು. "ನಿಮ್ ಥರ ಕೆತ್ತೋರು ಹಲಸೂರಲ್ಲಿ ಬೇಕಾದಷ್ಟು ಜನ ಇದಾರೆ."

"ಇದಾರೆ. ಇವತ್ತು ಅವ್ರಿಗೂ ರಜಾನೇ. ನಾಳೆ ಕೇಳ್ನೋಡಿ."

ಜಟಕಾ ಹೊರಟುಹೋಯಿತು. ಹೆದರಿಕೆ ಆಗಲಿಲ್ಲವೇ ಅಂದರೆ, ಆಯಿತು. ಮನೆಗೆ ಹೋಗಿ ಹೇಳಿದರೆ ಹೆಂಡತಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮುಚ್ಚಿ, "ಸರಿ, ಚೀಟಿ ಅಂಟಿಸೋಕೆ ಗೋಂದು ಕಾಯಿಸ್ಲಾ?" ಅಂದಳು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಡಿಸೆಂಬರ್ ಒಂದನೇ ತಾರೀಖಿಗೆ ಕೈತುಂಬ ಸರಕು, ಬೆನ್ನಿನ ಮೇಲೆ ನನ್ನ ಚೀಟಿ. ಎಲ್ಲ ಮಾರಿಹೋಯಿತು ಅಂದರೆ ಸುಳ್ಳಾಗುತ್ತದೆ. ದೊಡ್ಡ ಆನೆಯ ಚೌಕಟ್ಟುಗಳು ಹಾಗೇ ಉಳಿದವು, ಆ ತಿಂಗಳು ರಾಗಿ ಗಂಜಿಯಲ್ಲೇ ಕಳೆಯಿತು. ಆದರೆ ಸಂಕ್ರಾಂತಿಯ ಹೊತ್ತಿಗೆ ಚೀಟಿಯ ವಿಳಾಸ ಹಿಡಿದು ಓಣಿ ಹುಡುಕಿಕೊಂಡು ಬಂದವರಿದ್ದರು. ಒಬ್ಬ ಸೋಲ್ಜರು ಬಾಗಿಲಲ್ಲಿ ನಿಂತು ನನ್ನ ಹೆಸರನ್ನು ಸೊಟ್ಟಸೊಟ್ಟ ಕೂಗಿದ. ಅಷ್ಟು ಸೊಟ್ಟ ಕೂಗಿದರೂ ನನಗೆ ಸಿಟ್ಟು ಬರಲಿಲ್ಲ.

ಯುದ್ಧ ಮುಗಿದ ಮೇಲೆ ಸೋಲ್ಜರುಗಳು ಹೊರಟರು. ಸಾಹುಕಾರರು ಚೌಕಟ್ಟು ಬಿಟ್ಟು ಪಾತ್ರೆ ವ್ಯಾಪಾರಕ್ಕಿಳಿದರು. ಅದರಲ್ಲಿ ತಪ್ಪೇನಿಲ್ಲ, ಅವರ ಗುರಿ ಅವರದು. ಆದರೆ ಅವರನ್ನೇ ನಂಬಿದ್ದ ಕೆತ್ತನೆಯವರು ಉಳಿ ಮಾರಿ ಕಾರ್ಖಾನೆ ಗೇಟಿನಲ್ಲಿ ನಿಲ್ಲಬೇಕಾಯಿತು. ನಾನು ಅಷ್ಟರಲ್ಲಾಗಲೇ ಎರಡು ಅಮಾವಾಸ್ಯೆ ಕೂತು ಯೋಚಿಸಿ, ಮದುವೆ ಫೋಟೋ ಮತ್ತು ದೇವರ ಪಟದ ಚೌಕಟ್ಟಿಗೆ ಕೈ ಹಾಕಿದ್ದೆ. ಸೋಲ್ಜರು ಊರು ಬಿಟ್ಟರೂ ಮದುವೆಗಳು ಊರು ಬಿಡುವುದಿಲ್ಲವಲ್ಲ.

ನೀವು ಬೊಂಬೆ ಮಾಡಿ, ಬೋರ್ಡು ಬರೆಯಿರಿ, ಕಸೂತಿ ಹಾಕಿ, ಏನೇ ಮಾಡಿ, ನನ್ನ ಮಾತು ಇಷ್ಟೇ. ತಿಂಗಳಲ್ಲಿ ಒಂದು ದಿನ ಕೆಲಸ ಮುಟ್ಟಬೇಡಿ. ಯಾವ ದಿನ ಅನ್ನುವುದು ನಿಮ್ಮ ಮನೆ ಪದ್ಧತಿ. ಆವತ್ತು ಒಂದೇ ಗುರಿ ಹಾಕಿಕೊಳ್ಳಿ, ಮುಂದಿನ ಸಲ ಕೂತಾಗ ಆಗಿದೆಯೋ ಇಲ್ಲವೋ ನಾಚಿಕೆ ಬಿಟ್ಟು ನೋಡಿ. ಆಗದಿದ್ದರೆ ಗುರಿಯನ್ನು ಬೈಯುವ ಮೊದಲು ನಿಮ್ಮ ಗಿರಾಕಿಯ ಕೈಗೆ ದುಡ್ಡು ಬರುವುದು ಯಾವಾಗ ಎಂದು ವಿಚಾರಿಸಿ. ನಿಮ್ಮ ಕೆಲಸದ ಮೇಲೆ ನಿಮ್ಮ ಹೆಸರು ಹಾಕಲು ಯಾರ ಅಪ್ಪಣೆಗೂ ಕಾಯಬೇಡಿ. ಮತ್ತೆ, ನಿಮ್ಮ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಬ್ಬನೇ ಕೊಳ್ಳುತ್ತಿದ್ದರೆ, ಈ ತಿಂಗಳಿಗೆ ಬೇರೆ ಗುರಿಯೇ ಬೇಡ: ಎರಡನೆಯ ಗಿರಾಕಿಯನ್ನು ಹುಡುಕಿ. ಅವನು ಸಿಕ್ಕ ಮೇಲೆ ಮೂರನೆಯವನನ್ನು. ಮೊದಲನೆಯವನಿಗೆ ಇದನ್ನು ನೀವಾಗಿ ಹೇಳಬೇಡಿ, ಅವನಾಗಿ ಕೇಳಿದರೆ ಸುಳ್ಳೂ ಹೇಳಬೇಡಿ.