ಯಂತ್ರಕ್ಕೆ ಹೇಳಿದ ಸುಳ್ಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಮದುರ್ಗದ ಹಾಸ್ಟೆಲಿನಲ್ಲಿದ್ದು ಶಿಕ್ಷಕರ ತರಬೇತಿ ಪಡೆಯುತ್ತಿದ್ದೆ. ಮನಃಶಾಸ್ತ್ರ ಕಲಿಸುತ್ತಿದ್ದ ಮಾಸ್ತರರು ಪಿಎಚ್‌ಡಿಗೆಂದು ಒಂದು ಕೆಲಸ ಹಿಡಿದಿದ್ದರು. ಸ್ವಭಾವ ಅಳೆಯುವ ಪ್ರಶ್ನೆಗಳನ್ನು ಮೊದಲು ಕಾಗದದ ಮೇಲೆ ಕೇಳುವುದು, ಅವನ್ನೇ ಆಮೇಲೆ ನಮ್ಮನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಕೇಳುವುದು. ಎರಡೂ ಕಡೆ ಉತ್ತರ ಒಂದೇ ಬರುತ್ತದೆಯೇ ಎಂದು ನೋಡುವುದು.

“ಖರೇ ಬರೀರಿ. ನನ್ನ ಬಿಟ್ಟು ಯಾರೂ ನೋಡಂಗಿಲ್ಲ,” ಎಂದು ಕಾಗದ ಹಂಚಿದರು. ನಂಬಿದೆ. ಮನೆಯವರ ಮೇಲೆ ಸಿಟ್ಟಿದೆಯೇ? ಹೌದು. ಮನೆ ಬಿಟ್ಟು ಹೋಗಬೇಕೆನಿಸಿದೆಯೇ? ಅದಕ್ಕೂ ಹೌದು. ಸೋದರಮಾವನಿಗೆ ನನ್ನನ್ನು ಕೊಡುವ ಮಾತು ನಡೆದಿತ್ತು, ನನಗೆ ಬೇಡವಾಗಿತ್ತು.

ಕೆಲವೇ ದಿನಗಳಲ್ಲಿ ಅಪ್ಪ ಸಂಪಗಾಂವದಿಂದ ನನ್ನನ್ನು ನೋಡಲು ಬಂದ. ಮಾಸ್ತರರು ಚಹಾದಂಗಡಿಯಲ್ಲಿ ಅವನ ಪಕ್ಕ ಕುಳಿತು, “ಮಗಳ ಮ್ಯಾಲ ಒಂದ ಕಣ್ಣ ಇಡ್ರಿ. ಓಡಿ ಹೋಗೋ ವಿಚಾರದಾಗ ಅದಾಳ,” ಎಂದರಂತೆ. ಅಪ್ಪ ಹಾಸ್ಟೆಲಿಗೆ ಬಂದವನೇ “ಟ್ರಂಕ್ ತುಂಬು” ಎಂದ. ಮಳೆಗಾಲವೆಲ್ಲ ಮನೆಯಲ್ಲಿ ಕೂತೆ. ಕೊನೆಗೆ ಅವ್ವ ಊಟ ಬಿಟ್ಟು ಹಟ ಹಿಡಿದಳು, ಅಪ್ಪ ಮತ್ತೆ ಕಳಿಸಿದ.

ಅಷ್ಟರಲ್ಲಿ ಕಂಪ್ಯೂಟರಿನ ಸರದಿ ಬಂದಿತ್ತು. ನಮ್ಮನ್ನೆಲ್ಲ ಬಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಕರೆದೊಯ್ದರು. ಸವದತ್ತಿ ದಾಟುವ ಮೊದಲೇ ನಾನು ಗೆಳತಿಯರಿಗೆ ಹೇಳಿ ಮುಗಿಸಿದ್ದೆ: “ಕಾಗದದಾಗ ಹೌದು ಅಂದಿದ್ದಕ್ಕ ಇಲ್ಲ ಅನ್ರಿ. ಇಲ್ಲ ಅಂದಿದ್ದಕ್ಕ ಹೌದು ಅನ್ರಿ.” ನನಗಾದದ್ದು ಅವರಿಗೆ ಗೊತ್ತಿತ್ತು. ಎಲ್ಲರೂ ಒಪ್ಪಿದರು.

ತಣ್ಣನೆಯ ಕೋಣೆ. ಟೈಪ್‌ರೈಟರಿನಂಥ ಯಂತ್ರ ಕಟಕಟ ಸದ್ದು ಮಾಡುತ್ತ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಪ್ರಶ್ನೆ ಮೂಡಿಸುತ್ತಿತ್ತು. ಮನೆಯವರ ಮೇಲೆ ಸಿಟ್ಟಿದೆಯೇ? ‘ಇಲ್ಲ’ದ ಕೀಲಿ ಒತ್ತಿದೆ. ಬೆರಳಿಗೆ ಹಿತವೆನಿಸಿತು.

ಕೆಲವು ವಾರಗಳ ನಂತರ, ಮಾಸ್ತರರ ಪಿಎಚ್‌ಡಿಗೆ ಗೈಡ್ ಆಗಿದ್ದ ಹಿರಿಯ ಪ್ರೊಫೆಸರ್ ನಮ್ಮ ತರಗತಿಗೇ ಬಂದರು.

“ಎಲ್ಲಾ ಉಲ್ಟಾ ಬಂದಾವಲ್ಲ, ಯಾಕ?”

ನಾನು ಎದ್ದು ನಿಂತೆ. “ಕಾಗದಕ್ಕ ಖರೇ ಹೇಳಿದ್ವಿರಿ ಸರ. ಅದು ನಮ್ಮಪ್ಪನ ಕಿವಿಗೆ ಹೋತು. ಅದಕ್ಕ ಮಷೀನಿಗೆ ಸುಳ್ಳ ಹೇಳಿದ್ವಿ.”

“ಅವರಪ್ಪಗ ಯಾರು ಹೇಳಿದ್ರು?” ಪ್ರೊಫೆಸರ್ ಮಾಸ್ತರರತ್ತ ತಿರುಗಿದರು. ಮಾಸ್ತರರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಇಡೀ ಕೆಲಸ ರದ್ದಾಯಿತು.

ಆಮೇಲೆ ಮಾಸ್ತರರು ವರಾಂಡದಲ್ಲಿ ನನ್ನನ್ನು ತಡೆದು, “ನನ್ನ ಬಾಳೇ ಹಾಳ ಮಾಡಿದಿ ನೋಡವಾ,” ಎಂದರು.

“ಇನ್ನೂ ಪೂರ್ತಿ ಆಗಿಲ್ರಿ ಸರ,” ಎಂದೆ.

ಮಾವನ ಮದುವೆ ಬೇರೆ ಕಡೆ ಆಯಿತು. ನನಗೆ ಬೈಲಹೊಂಗಲದ ಶಾಲೆಯಲ್ಲಿ ನೌಕರಿ ಸಿಕ್ಕಿತು. ಹೊಸ ಪ್ರಶ್ನೆಗಳನ್ನು ಹಿಡಿದು ಮಾಸ್ತರರು ಒಂದು ದಿನ ಅಲ್ಲಿಗೂ ಬಂದರು. ಅವರು ಬರುತ್ತಾರೆಂದು ತಿಳಿದ ದಿನವೇ ನಾನು ಶಿಕ್ಷಕರ ಕೋಣೆಯಲ್ಲಿ ಎಲ್ಲವನ್ನೂ ಹೇಳಿಟ್ಟಿದ್ದೆ. ಒಬ್ಬರೂ ಪೆನ್ನು ತೆಗೆಯಲಿಲ್ಲ. ಕಾಗದದ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಅವರು ಬಿಸಿಲಲ್ಲಿ ಬಸ್ ಸ್ಟ್ಯಾಂಡಿನತ್ತ ನಡೆದರು. ಕರೆದು ಒಂದು ಲೋಟ ನೀರು ಕೊಡಬಹುದಿತ್ತು. ಕೊಡಲಿಲ್ಲ.