ಇಂದೂರಿನ ಕೋಳಿಕಾರಿನ ಕಂಪ್ಯೂಟರ್

ಆ ರವಿವಾರ ಕಾರಿನ ಬ್ಯಾಟರಿಯ ತಂತಿ ಬಿಚ್ಚುವಾಗ ಕಿಡಿ ಹಾರಿ ನನ್ನ ಸೆರಗಿಗೆ ತಗಲಬಹುದಿತ್ತು. ಎರಡು ಕಾರುಗಳ ಕಂಪ್ಯೂಟರ್ ಪೆಟ್ಟಿಗೆಗಳ ಮೇಲಿನ ನಂಬರು ಒಂದೇ ಇದ್ದರೂ ಒಳಗಿನ ಬುದ್ಧಿ ಬೇರೆ ಇರಬಹುದಿತ್ತು. ಕೋಳಿಗಳು ವೈರುಗಳನ್ನು ಹುಳವೆಂದು ತಿಳಿದು ಕುಕ್ಕಿರಬಹುದಿತ್ತು. ಡ್ಯಾಶ್‌ಬೋರ್ಡಿನ ಕೆಳಗಿನ ಕತ್ತಲಲ್ಲಿ ಹಾವು ಮಲಗಿರಬಹುದಿತ್ತು. ಹಾವಲ್ಲದಿದ್ದರೆ ಚೇಳು, ಚೇಳಲ್ಲದಿದ್ದರೆ ಕಾವಿಗೆ ಕೂತ ಕೋಳಿ, ಅದರ ಸಿಟ್ಟು ಹಾವಿಗಿಂತ ಹೆಚ್ಚು. ಸ್ಕ್ರೂ ಒಂದು ಕೈಜಾರಿ ಕಾರಿನ ಹೊಟ್ಟೆಯೊಳಗೆ ಸೇರಿ, ಮುಂದೆ ಯಾವುದೋ ಇಳಿಜಾರಿನಲ್ಲಿ ಬ್ರೇಕಿಗೆ ಅಡ್ಡ ಬರಬಹುದಿತ್ತು. ನನ್ನ ಕಾರು ಅಲ್ಲೇ ಪ್ರಾಣ ಬಿಟ್ಟು, ಒಂದೇ ಅಂಗಳದಲ್ಲಿ ಎರಡು ಕೋಳಿಗೂಡುಗಳಾಗಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನಮ್ಮ ಭಾವನವರ ಮಾತು ಖರೆ ಆಗಬಹುದಿತ್ತು.

ನಾನು ಹುಟ್ಟಾ ಕಾಳಜಿಯವಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹೊಳ್ಳಿ ಬರುವ ಪೈಕಿ. ಆರಿಸಿದ್ದು ನೋಡಿದ ಮೇಲೂ, ನೋಡುವಾಗ ಕೈ ತಾಗಿ ಹಚ್ಚಿಬಿಟ್ಟೆನೇನೋ ಎಂದು ಮತ್ತೆ ಕಾಳಜಿ. ಇಂಥವಳು ದಾಂಡೇಲಿಯ ಬಂಗೂರನಗರದಲ್ಲಿ ಮನೆ ಮಾಡಿಕೊಂಡು, ಜೋಯಿಡಾ ದಾಟಿ ಕುಂಬಾರವಾಡದ ಸಾಲಿಗೆ ಪಾಠ ಹೇಳಲು ದಿನಾ ಕಾರು ಹೊಡೆದುಕೊಂಡು ಹೋಗುತ್ತಿದ್ದೆ ಎಂದರೆ ಈಗಿನವರು ನಂಬುವುದಿಲ್ಲ. ಆಗಿನವರೂ ನಂಬಿರಲಿಲ್ಲ. ಆ ಊರಿಗೆ ಬಸ್ಸು ಬರುವುದೆಂದರೆ ಬೀಗರು ಬಂದ ಹಾಗೆ. ಯಾವಾಗ ಬರುತ್ತದೆಂದು ಹೇಳಲಾಗದು, ಬಂದರೆ ಬಂತು. ಮೊಬೈಲು ಕೈಗೆ ಬಂದಿತ್ತು ನಿಜ, ಆದರೆ ಜೋಯಿಡಾ ದಾಟಿದ ಮೇಲೆ ಅದರಲ್ಲಿ ಟೈಮು ನೋಡಬಹುದಿತ್ತು, ಅಷ್ಟೆ. ಹಾಗಾಗಿ ಇನ್ನೊಬ್ಬರು ಓಡಿಸಿ ಬಿಟ್ಟ ಹಳೇ ಕಾರೊಂದನ್ನು ತೆಗೆದುಕೊಂಡಿದ್ದೆ. ಅದು ಇದ್ದರೆ ನಾನು ಬೆಳಿಗ್ಗೆ ನನ್ನ ಕೆಲಸಕ್ಕೆ ಹೋಗಿ ಸಂಜೆ ನನ್ನ ಮನೆಗೆ ಬರುವವಳು. ಅದಿಲ್ಲದಿದ್ದರೆ ಕುಂಬಾರವಾಡದಲ್ಲಿ ಒಂದು ಬಾಡಿಗೆ ಖೋಲಿ ಹಿಡಿಯಬೇಕು, ಇಲ್ಲವೇ ನೌಕರಿ ಬಿಡಬೇಕು.

ಆ ಕಾರಿಗೆ ಒಂದು ರೋಗ ಹತ್ತಿತು. ತಂಪು ಹೊತ್ತಿನಲ್ಲಿ ಹುರುಪಿನಿಂದ ಓಡುವುದು, ಮೈ ಬಿಸಿಯಾಯಿತೆಂದರೆ ಕಾಡಿನ ನಟ್ಟನಡುವೆ ಮಾತಿಲ್ಲದೆ ನಿಂತುಬಿಡುವುದು. ಬಾನೆಟ್ ತೆರೆದು ಗಾಳಿ ಆಡಲು ಬಿಟ್ಟು, ಅದರ ಸಿಟ್ಟು ಇಳಿದ ಮೇಲೆ ಕೀಲಿ ತಿರುವಿದರೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಹಳಿಯಾಳದ ಗ್ಯಾರೇಜಿನ ಮಿಸ್ತ್ರಿ ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ಪೆಟ್ರೋಲ್ ಪಂಪು ಬದಲಿಸಿದ. ಕಾರು ಎಲ್ಲವನ್ನೂ ಹೊಸ ಸೀರೆಯ ಹಾಗೆ ಸ್ವೀಕರಿಸಿ, ಮರುದಿನ ಮತ್ತೆ ಅದೇ ಜಾಗದಲ್ಲಿ ನಿಂತಿತು.

ಕಾಳಜಿ ಮಾಡುವವರ ಕಿವಿ ದೊಡ್ಡದಿರುತ್ತದೆ. ನನ್ನ ಕಾರಿನ ಪ್ರತಿ ಸದ್ದೂ ನನಗೆ ಬಾಯಿಪಾಠ. ಕೀಲಿ ತಿರುವಿದ ಕೂಡಲೇ ಹಿಂದಿನ ಸೀಟಿನ ಕೆಳಗಿಂದ ಪಂಪು ಒಂದು ಗಳಿಗೆ ‘ಗುಂಯ್’ ಎನ್ನುತ್ತಿತ್ತು, ಎದುರಿಗೆ ಇಂಜಿನ್ನಿನ ಚಿತ್ರದ ಹಳದಿ ದೀಪ ಹತ್ತುತ್ತಿತ್ತು. ಕೆಟ್ಟು ನಿಂತಾಗ ಮಾತ್ರ ಎರಡೂ ಇಲ್ಲ. ಪಂಪು ಹೊಸದು, ಆದರೂ ಸುಮ್ಮನಿದೆ. ಅಂದರೆ ಅದನ್ನು ಎಬ್ಬಿಸಬೇಕಾದವರೇ ಮಲಗಿದ್ದಾರೆ. ಕಾರಿನ ಜೊತೆ ಬಂದಿದ್ದ ಪುಸ್ತಕ ತೆಗೆದು ಓದಿದೆ. ಆ ಎಬ್ಬಿಸುವವರು ಡ್ಯಾಶ್‌ಬೋರ್ಡಿನಲ್ಲಿ ಎಡಗಡೆ ಸಾಮಾನು ಇಡುವ ಡಬ್ಬಿಯ ಹಿಂದೆ ಕೂತ ಒಂದು ಚಪ್ಪಟೆ ತಗಡಿನ ಪೆಟ್ಟಿಗೆ: ಇಂಜಿನ್ನಿನ ಕಂಪ್ಯೂಟರ್. ಸಾಲಿಯ ಮುಂದೆ ಸಾಗವಾನಿಯ ಕೆಳಗೆ ಕಾರು ನಿಲ್ಲಿಸುತ್ತಿದ್ದೆ. ಒಣ ಎಲೆಗಳು ವೈಪರಿನ ಕೆಳಗಿನ ಸಂದಿಯಲ್ಲಿ ತುಂಬಿ, ಮಳೆನೀರು ಹೊರಹೋಗಲು ದಾರಿ ಕಾಣದೆ ಒಳಗಿಳಿದು ಅದೇ ಪೆಟ್ಟಿಗೆಯ ತಲೆ ಮೇಲೆ ತೊಟ್ಟಿಕ್ಕಿತ್ತು. ಎಡಗಡೆಯ ಕಾಲಡಿಯ ಚಾಪೆ ಹಸಿ ಹಸಿ ಇರುವುದನ್ನು ನಾನು ಎಷ್ಟು ದಿನದಿಂದ ಹೇಳುತ್ತಿದ್ದೆ. ‘ನೀ ಬರೇ ಕಾಳಜಿ ಮಾಡ್ತಿ’ ಎಂದು ಎಲ್ಲರೂ ನಕ್ಕಿದ್ದರು.

ಮಿಸ್ತ್ರಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡ.

“ಹಂಗಿದ್ರ ಭಾಳ ಸಸಾರ ಆತು ಬಿಡ್ರಿ ಅಕ್ಕಾರ. ಕಂಪ್ಯೂಟರ್ ಕಿತ್ತು ಒಗದು ಹಳೇ ನಮೂನಿ ಕಾರ್ಬುರೇಟರ್ ಕುಂದರಸ್ತೇನಿ. ನಿಮ್ಮ ಗಾಡಿಗೆ ಇಷ್ಟೊಂದು ಸಾಲಿ ಕಲಿಯೂದೇನ್ ಬೇಕಾಗಿಲ್ಲ.”

“ನಾ ಸಾಲಿ ಕಲಸಾಕಿ ಅದೇನಿ,” ಅಂದೆ. “ಸಾಲಿ ಬಿಡಸೂ ಮಾತು ನನ್ನ ಮುಂದ ಆಡಬ್ಯಾಡ್ರಿ.”

“ಮತ್ತ ಇದೇ ನಮೂನಿ ಪೆಟಿಗಿ ಎಲ್ಲಿಂದ ತರೂಣ್ರಿ? ಹಾಂ, ಮುಂಡಗೋಡದ ಹತ್ರ ಇಂದೂರಿನ್ಯಾಗ ಇಂಥದೇ ಒಂದು ಗಾಡಿ ದೊಡ್ಡ ಗಿಡಕ್ಕ ಗುದ್ದಿ ಬಿದ್ದೈತಿ. ಈಗ ಅದರಾಗ ಕೋಳಿ ಅದಾವ. ಅವು ಕೊಟ್ರ ತಗೊಂಡ ಬರ್ರಿ.”

ಅವನು ನಗೆಯಾಡಿದ್ದು. ನಾನು ವಿಳಾಸ ಕೇಳಿಕೊಂಡೆ.

ಮನೆಗೆ ಬಂದರೆ ಭಾವನವರು ಕೂತಿದ್ದರು. ನಮ್ಮನೆಯವರ ಅಣ್ಣ, ಹಳಿಯಾಳದಲ್ಲಿ ಕಾಳಿನ ವ್ಯಾಪಾರ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ನಾಲಿಗೆಯ ಮೇಲೆ ಅಚ್ಚುಕಟ್ಟಾದ ತೀರ್ಪು.

“ನೋಡವಾ, ಸೋಮವಾರ ಗಿರಾಕಿ ಕರಕೊಂಡ ಬರ್ತೇನಿ. ಗಾಡಿ ಕೊಟ್ಟು ಕೈ ತೊಳಕೊಳ್ಳೂಣು. ನೀ ಅಲ್ಲೇ ಖೋಲಿ ಹಿಡದು ಇರು, ಇಲ್ಲಾ ಮನ್ಯಾಗ ಆರಾಮ ಕುಂದರು. ಹೆಣ್ಣಮಕ್ಕಳಿಗೆ ಕಾಡಿನ್ಯಾಗ ಗಾಡಿ ಹೊಡಿಯೂ ಉಸಾಬರಿ ಯಾಕ?”

ನಮ್ಮನೆಯವರ ಕಡೆ ನೋಡಿದೆ. ಅವರು, “ಅಣ್ಣ ಹೇಳೂದೂ ಖರೇನ ಐತಿ,” ಎಂದರು. ನನ್ನ ಮುಖ ನೋಡಿ, “ನೀ ಹೇಳೂದೂ ಖರೇನ,” ಎಂದರು. ನಾನಿನ್ನೂ ಏನೂ ಹೇಳಿರಲಿಲ್ಲ.

“ಸೋಮವಾರ ಬರ್ಲಿ ಭಾವಾರ,” ಅಂದೆ. “ರವಿವಾರ ಇನ್ನೂ ನಂದೈತಿ.”

ರವಿವಾರ ನಸುಕಿನ ತಂಪಿನಲ್ಲೇ ಹೊರಟೆ. ಹಳಿಯಾಳದಲ್ಲಿ ಭಾವನವರು ತಾವೂ ಬರುತ್ತೇನೆಂದು ಹತ್ತಿದರು. ಗಾಡಿ ನಿಂತಲ್ಲಿಂದ ನನ್ನನ್ನು ಮನೆಗೆ ಮುಟ್ಟಿಸಲು ಒಬ್ಬ ಗಂಡಸು ಬೇಕಲ್ಲ ಎಂಬುದು ಅವರ ವಾದ. ಮುಂಡಗೋಡದ ದಾರಿಯಲ್ಲಿ ಕಾರು ಅವರ ಮಾತಿನ ಮರ್ಯಾದೆ ಚೆನ್ನಾಗಿ ಕಾಯಿತು. ಬಿಸಿಲೇರಿದಂತೆ ನಿಂತಿತು, ತಣಿಯಿತು, ಓಡಿತು, ಮತ್ತೆ ನಿಂತಿತು. ಪ್ರತಿ ಸಲವೂ ಅವರು ಇಳಿದು ಮರದ ನೆರಳಿಗೆ ಹೋಗಿ, “ನಾ ಹೇಳಿದ್ದೆ,” ಎನ್ನುವರು. ನಾನು ಬಾನೆಟ್ ತೆರೆದು, ಉಪ್ಪಿಟ್ಟಿನ ಡಬ್ಬಿ ಮುಂದಿಟ್ಟು, “ಗಾಡಿ ತಣಿಯೂತನಕ ತಿನ್ರಿ,” ಎನ್ನುವೆ. ತಿನ್ನುವ ಬಾಯಿ ಹೇಳುವುದಿಲ್ಲ.

ಇಂದೂರಿನ ಆ ಮನೆಯ ತಗಡಿನ ಚಪ್ಪರದ ಕೆಳಗೆ ಕಾರು ನಿಂತಿತ್ತು. ನನ್ನದರ ತಂಗಿಯ ಹಾಗೆ, ಮೂಗು ಮಾತ್ರ ಜಜ್ಜಿಹೋಗಿತ್ತು. ಹಿಂದಿನ ಸೀಟಿನ ತುಂಬ ಕೋಳಿಗಳು, ಚಾಲಕನ ಸೀಟಿನಲ್ಲಿ ಒಂದು ಹುಂಜ. ಭಾವನವರು ಧೋತರದ ಚುಂಗು ಎತ್ತಿ ಹಿಡಿದು ದೂರವೇ ನಿಂತರು. ಮನೆಯ ಅಜ್ಜಿ ಹೊರಬಂದಳು. ಬಂದ ಕಾರಣ ಹೇಳಿದೆ.

“ಇದರಾಗ ಕಂಪ್ಯೂಟರ್ ಇತ್ತೇನು?” ಅಜ್ಜಿ ಕಾರಿನ ಕಡೆ ಹೊಸ ಕಣ್ಣಿನಿಂದ ನೋಡಿದಳು. “ಮತ್ತ ನನ್ನ ಮೊಮ್ಮಗ ಅದನ್ನ ಕಲಿಯಾಕ ದಿನಾ ಮುಂಡಗೋಡಕ್ಕ ಯಾಕ ಹೋಗತಾನ?”

“ಅದು ಬ್ಯಾರೆರಿ ಅಜ್ಜಿ. ಇದು ಗಾಡಿ ತಲಿ ಇದ್ದಂಗ.”

“ತಲಿ ಇತ್ತಂದ್ರ ಗಿಡಕ್ಕ ಯಾಕ ಗುದ್ದತಿತ್ತು?”

ಪೆಟ್ಟಿಗೆಯ ರೊಕ್ಕ ಮುಂದೆ ಹಿಡಿದೆ, ಅಜ್ಜಿ ಕೈ ಕೂಡ ಚಾಚಲಿಲ್ಲ.

“ರೊಕ್ಕ ಒಲ್ಲೆ. ಖರೆ ಜಾಗಾ ಖಾಲಿ ಬಿಡಾಂಗಿಲ್ಲ ನೋಡವಾ. ಮಜ್ಜಿಗಿ ಕೊಟ್ಟ ಚರಗಿ ಯಾರರ ಖಾಲಿ ಹೊಳ್ಳಿ ಕೊಡ್ತಾರೇನು? ಚೂರು ಬೆಲ್ಲರ ಹಾಕಿ ಕೊಡ್ತಾರ. ಇದರ ತಲಿ ಒಯ್ಯಾಕಿ ನಿನ್ನ ಗಾಡಿ ತಲಿ ಇಲ್ಲಿಟ್ಟು ಹೋಗು.”

“ನಂದು ಕೆಟ್ಟೈತಿ ಅಜ್ಜಿ.”

“ಕೋಳಿಗೇನ್ ಗೊತ್ತಾಗತೈತಿ.”

ನಾನು ಮಾಡಿಕೊಂಡು ಬಂದ ಹಂಚಿಕೆ ಅಲ್ಲಿಗೆ ಮುರಿಯಿತು. ಈ ಪೆಟ್ಟಿಗೆ ಒಯ್ದು ಹಳಿಯಾಳದ ಮಿಸ್ತ್ರಿಯ ಕೈಯಿಂದ ಹಾಕಿಸುವುದು, ಕೆಟ್ಟರೆ ಅವನ ಕೊರಳಿಗೆ ಕಟ್ಟುವುದು ಎಂದು ಲೆಕ್ಕ ಹಾಕಿದ್ದೆ. ಈಗ ನನ್ನದನ್ನು ಇಲ್ಲೇ, ನಾನೇ ಬಿಚ್ಚಬೇಕು. ಹೊಸದು ಎಚ್ಚರಾಗದಿದ್ದರೆ ಇಂದೂರಿನಿಂದ ಮನೆಗೆ ಹೋಗುವ ದಾರಿ ಭಾವನವರ ದಾರಿ. ನಾಳೆ ಗಿರಾಕಿ, ನಾಡಿದ್ದು ಖೋಲಿ.

ಭಾವನವರಿಗೂ ಇದು ತಿಳಿಯಿತು. “ಬ್ಯಾಡವಾ. ಇದ್ದಷ್ಟರ ಓಡಾಕತ್ತೈತಿ. ಗಿರಾಕಿಗೆ ಮುಂಜಾನೆ ತಂಪಿನ್ಯಾಗ ತೋರಸೂಣಂತ. ಕೈ ಹಾಕಬ್ಯಾಡ.”

ಕಾಳಜಿ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಸುಮ್ಮನೆ ನಿಂತು ಕಾಳಜಿ ಮಾಡುವುದಕ್ಕಿಂತ ಕೆಲಸ ಮಾಡುತ್ತ ಕಾಳಜಿ ಮಾಡುವುದು ಒಳ್ಳೆಯದು. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಎರಡೂ ಕಾರುಗಳ ಬ್ಯಾಟರಿ ನೋಡಿದೆ. ಕೋಳಿಕಾರಿನದು ಎಂದೋ ಮಾಯವಾಗಿತ್ತು, ನನ್ನದರ ತಂತಿ ಬಿಚ್ಚಿದೆ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಕೂಗಿದೆ, “ಭಾವಾರ, ಚೀಲದಾಗಿಂದು ಹತ್ತರ ಪಾನಾ ಕೊಡ್ರಿ.”

ಕೈಗೆ ಬಂದದ್ದು ಅಜ್ಜಿಯ ಎಲೆ-ಅಡಕೆಯ ಚಂಚಿ. “ಹತ್ತು ಯಾಕವಾ, ಬಾಯಿ ಉರದೀತು. ಒಂದ ಎಲಿ ಹಾಕ್ಕೊ.”

ಬೋಲ್ಟು ತಿರುವುವ ಪಾನಾ ಬೇರೆ, ತಿನ್ನುವ ಪಾನ ಬೇರೆ ಎಂದು ತಿಳಿಸಿ ಹೇಳುವ ಹೊತ್ತಿಗೆ ನನ್ನ ಕಾಳಜಿ ಅರ್ಧ ಇಳಿದಿತ್ತು. ಭಾವನವರು ಮುಖ ಗಂಟು ಹಾಕಿಕೊಂಡೇ ಪಾನಾ ಕೊಟ್ಟರು. ಡಬ್ಬಿ ತೆಗೆದೆ, ಬೋಲ್ಟು ತೆಗೆದೆ, ವೈರುಗಳ ಗೊಂಚಲನ್ನು ಕೂಸಿನ ಮುಷ್ಟಿ ಬಿಡಿಸಿದ ಹಾಗೆ ಬಿಡಿಸಿದೆ. ನನ್ನ ಪೆಟ್ಟಿಗೆಯ ಮೂಲೆಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಭಾವನವರ ಮುಂದೆ ಹಿಡಿದು, ಅವರು ಬೇರೆ ಕಡೆ ನೋಡುವತನಕ ಹಿಡಿದೇ ನಿಂತೆ. ಅಜ್ಜಿಯ ಕಾರಿನದನ್ನೂ ಹಾಗೇ ಬಿಚ್ಚಿ ತೆಗೆದೆ, ಅದು ಒಣಗಿ ಬೆಚ್ಚಗಿತ್ತು. ನಂಬರು ಹೊಂದಿಸಿ ನೋಡಿದೆ, ನಂಬಿಕೆಯಾಗದೆ ಮತ್ತೆ ನೋಡಿದೆ. ಅದನ್ನು ಇಲ್ಲಿ ಕೂಡಿಸಿ, ಇದನ್ನು ಅಲ್ಲಿ ಇಟ್ಟೆ. ಅಜ್ಜಿ ಬಗ್ಗಿ, ಜಾಗ ಖಾಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

ಬ್ಯಾಟರಿಗೆ ತಂತಿ ಹಾಕಿ ಕೀಲಿ ತಿರುವಿದೆ. ಹಳದಿ ದೀಪ. ಹಿಂದಿನಿಂದ, ‘ಗುಂಯ್.’

ಇನ್ನೂ ತಿರುವಿದೆ. ಇಂಜಿನ್ನು ಹಿಡಿಯಿತು. ಪಕ್ಕದ ಕಾರಿನಿಂದ ಕೋಳಿಗಳು ಹಾರಿದವು, ಹುಂಜ ಮಾತ್ರ ಸೀಟು ಬಿಡಲಿಲ್ಲ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಇಷ್ಟೊತ್ತಿಗೆ ಎಂದೋ ನಿಲ್ಲಬೇಕಾಗಿದ್ದ ಕಾರನ್ನು ಬೇಕೆಂದೇ ಬಹಳ ಹೊತ್ತು ಅಲ್ಲೇ ಕಾಯಿಸಿದೆ. ನಿಲ್ಲಲಿಲ್ಲ. ಮುಂಡಗೋಡ ದಾಟಿದರೂ ನಿಲ್ಲಲಿಲ್ಲ. ಹಳಿಯಾಳದ ಮಿಸ್ತ್ರಿಯ ಗ್ಯಾರೇಜಿನ ಮುಂದೆ ನಾನೇ ನಿಧಾನ ಮಾಡಿ, ಹಾರ್ನು ಹೊಡೆದು, ನಿಲ್ಲಿಸದೆ ಬಂದೆ.

ಸೋಮವಾರ ಗಿರಾಕಿ ಬಂದಾಗ ಕಾರು ಮನೆಯಲ್ಲಿರಲಿಲ್ಲ. ನಾನೂ ಇರಲಿಲ್ಲ. ಕುಂಬಾರವಾಡದಲ್ಲಿ ಹಾಜರಿ ಕರೆಯುತ್ತಿದ್ದೆ, ಕಾರು ಸಾಗವಾನಿಯಿಂದ ದೂರ ಬಯಲಿನಲ್ಲಿ ನಿಂತಿತ್ತು. ಸಂಜೆ ನನ್ನ ಮನೆಗೆ ಬಂದೆ. ಆಮೇಲೆಯೂ ಎಷ್ಟೋ ವರ್ಷ ಹಾಗೇ ಹೋದೆ, ಹಾಗೇ ಬಂದೆ, ದಾರಿಯುದ್ದಕ್ಕೂ ಕಾಳಜಿ ಮಾಡುತ್ತಲೇ.

ಕೆಟ್ಟದ್ದು ಒಂದೇ. ನನ್ನ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯನ್ನು ಬಿಚ್ಚುವಾಗ ಅದರ ಬಾಗಿಲಿನ ಪ್ಲಾಸ್ಟಿಕ್ ಕೊಂಡಿ ನನ್ನ ಕೈಯಲ್ಲಿ ಪಟ್ಟನೆ ಮುರಿದಿತ್ತು. ಇಂದೂರಿನಿಂದ ಹಳಿಯಾಳದವರೆಗೆ, ರಸ್ತೆಯ ಪ್ರತಿ ತಗ್ಗಿಗೂ ಆ ಬಾಗಿಲು ತೆರೆದು, ಅದರ ಎದುರಿಗೇ ಕೂತಿದ್ದ ಭಾವನವರ ಮೊಣಕಾಲಿಗೆ ಬಡಿಯಿತು.